ಐದನೇ ವಿಷಯ

ಹೆಬ್ಬಾಳ ಕೈಗಾರಿಕಾ ಪ್ರದೇಶ, ಎರಡನೇ ಮಹಡಿ,
ಬುಧವಾರ, ಹಾಜರಿ ಒಂಬತ್ತು ಮಂದಿ.
ನಡಾವಳಿ ಬರೆಯುವವಳು ನಾನು,
ಹತ್ತೊಂಬತ್ತು ವರ್ಷದಿಂದ.

ನಾಲ್ಕನೇ ವಿಷಯ ಸಲೀಸಾಗಿ ಮುಗಿಯಿತು:
ಸಂಪತ್ಕುಮಾರ್ ಇಳಿಯುತ್ತಾರೆ, ನಿರ್ಮಲಾ ಅರಸ್ ಏರುತ್ತಾರೆ.
ಶಾಲು, ಗಂಧದ ಹಾರ,
ಹೊಲಿದಿಟ್ಟ ಪೇಟ. ಅಳತೆ ದೊಡ್ಡದಾಗಿ
ಇಳಿಯುವವರ ಕನ್ನಡಕದ ಮೇಲೆ ಬಂದು ಕೂತಿತು.
ಯಾರೂ ನಗಲಿಲ್ಲ. ನಾನು ಅದನ್ನು ಬರೆಯಲಿಲ್ಲ.

ಐದನೇ ವಿಷಯ: ಪಾಯಿಂಟ್ ಎರಡು.
ಮಂಡ್ಯದ ನೂರಾ ಹದಿನಾಲ್ಕು ಡೇರಿಗಳಲ್ಲಿ
ನಮ್ಮ ಯಂತ್ರ ಹಾಲಿನ ಫ್ಯಾಟನ್ನು
ಏಳು ತಿಂಗಳು ಪಾಯಿಂಟ್ ಎರಡು ಕಡಿಮೆ ಓದಿತು.
ಹಾಲು ಸುಳ್ಳು ಹೇಳಿರಲಿಲ್ಲ,
ಎಮ್ಮೆಯೂ ಹೇಳಿರಲಿಲ್ಲ.

"ತಪ್ಪಾಗಿದೆ" ಅಂದರು ತಾಂತ್ರಿಕ ಮುಖ್ಯಸ್ಥರು.
"ಗಮನಕ್ಕೆ ಬರಲಿಲ್ಲ" ಅಂದರು ಹಣಕಾಸಿನವರು.
"ಕೈತಪ್ಪಿ ಹೋಗಿದೆ" ಅಂದರು ಸಂಪತ್ಕುಮಾರ್,
ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು,
ಮಲಗಿದ ಬೆಕ್ಕನ್ನು ನೇವರಿಸುವ ಹಾಗೆ ನೇವರಿಸುತ್ತ.

ನಮ್ಮ ಭಾಷೆ ಎಷ್ಟು ಕರುಣಾಳು!
ಆಯಿತು, ಹೋಯಿತು, ಬಂತು, ಬಿತ್ತು.
ಯಾರೂ ಮಾಡದೆಯೇ ಎಲ್ಲವೂ ಆಗುತ್ತದೆ ಇಲ್ಲಿ,
ಸಂಜೆಯಾದ ಹಾಗೆ.

ನಿರ್ಮಲಾ ನನ್ನ ಹಾಳೆ ಎಳೆದುಕೊಂಡು ಓದಿದರು.
"ಕ್ರಿಯಾಪದ ಇದೆ.
ಕರ್ಮ ಮಂಡ್ಯದವರ ಪಾಲಿಗೆ ಹೋಗಿದೆ.
ಕರ್ತೃ ಎಲ್ಲಿ?
ಅದು ತುಂಬುವವರೆಗೆ ನಾಲ್ಕನೇ ವಿಷಯಕ್ಕೆ
ನಾನು ಸಹಿ ಹಾಕುವುದಿಲ್ಲ."

ಏಸಿಯ ಸದ್ದು. ಕೆಳಗೆ ಯಾರದೋ ಕಾರು
ಹಿಂದೆ ಹಿಂದೆ ಸರಿಯುವಾಗಿನ ಹಾಡು.

ಸಂಪತ್ಕುಮಾರ್ ಪೆನ್ನು ತೆಗೆದು "ನಾವು" ಎಂದು ಬರೆದರು.
ನಾವು! ಅರಮನೆಯ ಊರಿನಲ್ಲಿ
ಅದು ಬಹುವಚನವೋ, ಒಬ್ಬರ ಗತ್ತೋ,
ಒಂಬತ್ತು ಮಂದಿಗೆ ಹಂಚಲು ನೀರು ಬೆರೆಸಿದ ಹಾಲೋ?
ನಿರ್ಮಲಾ ಅದರಡಿ ಗೆರೆ ಎಳೆದರು. ಹೊಡೆದುಹಾಕಲಿಲ್ಲ.
"ಇನ್ನೂ ಚಿಕ್ಕದಾಗಬೇಕು, ಸಾರ್."

ಅವರು ಪೆನ್ನು ಹಿಡಿದು ಕೂತೇ ಇದ್ದರು.

ನನಗೋ ಮಾರ್ಚಿನ ನೆನಪು.
ಕೀಲಾರದಿಂದ, ನೋಟ್‌ಬುಕ್ಕಿನಿಂದ ಹರಿದ ಹಾಳೆಯಲ್ಲಿ,
ಪುಟ್ಟತಾಯಮ್ಮ ಹೇಳಿ ಬರೆಸಿದ್ದು:
"ನಿಮ್ ಮಿಷನ್ನು ನಮ್ ಎಮ್ಮೆ ಮ್ಯಾಲೆ ಯಾಕ್ ಮುನ್ಸ್ಕೊಂಡದೆ?"
ಓದಿ ನಕ್ಕು, ಮೊಹರು ಒತ್ತಿ, ನಂಬರು ಕೊಟ್ಟು
ಕಡತದಲ್ಲಿ ಮಲಗಿಸಿದವಳು ನಾನು.

"ಈ ಹಿಂದೆ ಒಂದು ಕಾಗದ ಬಂದಿತ್ತು"
ಎಂದು ಬರೆಯಹೊರಟ ಕೈ ನಿಂತಿತು.
ಅಲ್ಲ. ನಿಲ್ಲಿಸಿದೆ, ನಾನು.

ಅಷ್ಟರಲ್ಲಿ ಟೀ ಬಂತು.
ತಂದದ್ದು ಮಾದೇಶ.
ಅದನ್ನೂ ಬರೆದೆ.