ಎಡಗಾಲಿನ ನಾಲ

ಎತ್ತು ಕೆಡವುವಾಗ ನಾನು ಹಗ್ಗದ ಕಡೆ.
ನಾಲ ಬಡಿಯುವಾತ ದಾವಲಸಾಬ ನಾಲಬಂದ, ನಮ್ಮ ಮಾಮು.
ಹಳೇ ಹುಬ್ಬಳ್ಳಿಯಾಗ, ಇಂಡಿ ಪಂಪಿನ ಹಿಂದ,
ಬೇವಿನ ಬುಡದಾಗ ನಮ್ಮ ಕಾರಖಾನಿ:
ಒಂದು ಅಡಿಗಲ್ಲು, ಎರಡು ಸುತ್ತಿಗಿ, ಡಬ್ಬಿ ತುಂಬ ಮೊಳಿ.

ಶನಿವಾರ ಮಧ್ಯಾಹ್ನ ಒಂದು ಆಟೋ ಬಂದು ನಿಂತಿತು.
ಆರಡಿ ಆಳು, ಬಿಸಿಲಿಗೆ ಗಜ್ಜರಿಯಾದ ಮಾರಿ,
ಕೈಯಾಗ ಸೀಳಿದ ಕಬ್ಬಿಣದ ಚಪ್ಪಲಿ.
ಕೂಡ ಬಂದ ಎಸ್ತರ್, ಮಿಷನ್ ಕಂಪೌಂಡಿನ ಹುಡುಗಿ, ಹೇಳಿದಳು:
ಲಾತ್ವಿಯಾ ಅಂತ ಒಂದು ದೇಶ. ಇವನ ಹೆಸರು ವಾಲ್ಡಿಸ್.
ಇವತ್ತು ಸಂಜೆ ಸ್ಟೇಡಿಯಮ್ಮಿನಲ್ಲಿ ಮೋಟಾರ್ ಸೈಕಲ್ ರೇಸು,
ಹನ್ನೊಂದು ದೇಶದವರು ಬಂದಿದ್ದಾರೆ.
ಗೋಕುಲ ರೋಡಿನಲ್ಲಿ ಬೆಸುಗೆ ಹಾಕಿಸಿದ್ದು
ಮುಂಜಾನೆ ಪ್ರಾಕ್ಟೀಸಿನಲ್ಲೇ ಬಿಟ್ಟುಕೊಂಡಿತು.

ಮಾಮು ಚಪ್ಪಲಿ ತಿರುವಿ ನೋಡಿದ. ಮೂಸಿದ.
"ಒಂದ ಕಾಲಿಗೇನು?"
ಎಡಗಾಲಿಗೆ ಅಷ್ಟೇ. ಅವರು ಎಡಕ್ಕೆ ಮಾತ್ರ ತಿರುಗುತ್ತಾರೆ,
ಆ ಕಾಲು ನೆಲಕ್ಕೆ ಊರಿ ಜಾರುತ್ತಾರೆ.
"ಬ್ರೇಕು?"
ಗಾಡಿಗೆ ಬ್ರೇಕೇ ಇರೋದಿಲ್ಲ.
ಮಾಮು ನನ್ನ ಕಡೆ ನೋಡಿದ. "ಗಾಣದ ಎತ್ತು," ಅಂದ,
"ಆದರ ಕಣ್ಣು ಕಟ್ಟಿಲ್ಲ. ಅದ ತ್ರಾಸು."
ಎಸ್ತರ್ ಇದನ್ನು ಇಂಗ್ಲಿಷಿಗೆ ತಿರುವಲಿಲ್ಲ.

ಅಳತಿ ತಗೀಬೇಕು, ಕಾಲು ಹಿಡಿ, ಅಂದ.
ಮೂವತ್ತು ವರ್ಷ ಎತ್ತು ಕೆಡವಿದ ಈ ಕೈಗೆ
ಮನುಷ್ಯಾನ ಕಾಲು ಹ್ಯಾಂಗ ಹಿಡೀಬೇಕು ಗೊತ್ತಿದ್ದಿಲ್ಲ.
ಮೀನಗಂಡದ ಮ್ಯಾಲ ಗೇಣುದ್ದ ಹೊಲಿಗಿ.
ನೊಣ ಕುಂತಲ್ಲಿ ತೊಗಲು ನಡುಗತೈತಲ್ಲ, ಹಂಗ
ಸಣ್ಣಗೆ ನಡುಗತಿತ್ತು.
ರೂಢಿ ಮ್ಯಾಲ ಬಾಯಿಗೆ ಬಂತು:
"ಹೋ, ಹೋ, ತಮ್ಮಾ, ಆತು, ಆತು."
ನಡುಕ ನಿಂತಿತು.
ಲಾತ್ವಿಯಾದಾಗೂ ಎತ್ತಿಗೆ ಹಿಂಗ ಅಂತಾರೇನೋ.

ಚಕ್ಕಡಿಯ ಹಳೇ ಗಾಲಿ ಹಳಿ ಕಡಿದು
ಮಾಮು ಎರಡು ತಾಸು ಬಡಿದ.

ಸಂಜೀಕ ನಮಗೆ ಫುಕಟ್ ಪಾಸು.
ಓಟದ ನೆಲಕ್ಕ ಧಾರವಾಡ ಕಡೆಯ ಮಸಾರಿ,
ಅಣ್ಣಿಗೇರಿ ಕಡೆಯ ಎರಿ, ಎರಡೂ ಕಲಸಿ ಹಾಸಿದ್ದರು.
ಟ್ಯಾಂಕರು ನೀರು ಹೊಡೀತು, ಟ್ರ್ಯಾಕ್ಟರು ಕುಂಟಿ ಹೊಡೀತು.
"ಹದ ಬಂದೈತಿ, ಜ್ವಾಳ ಚೆಲ್ರಿ," ಅಂತ ಹಿಂದಿನ ಸಾಲಿನ ಯಾವನೋ ಕುಂದಗೋಳದಾತ.
ನಗು ಮುಗಿಯೂದರಾಗ
ರಿಬ್ಬನ್ನು ಮ್ಯಾಲ ಹಾರಿತು,
ನಾಲ್ಕು ಗಾಡಿ
ಒಂದ ಗಂಟಲಿನಿಂದ ಒದರಿದಂಗ.
ಕಮಟು ಸಿಹಿ ಹೊಗಿ. ಮುಂದಿನ ಚಕ್ರ ಬಲಕ್ಕ ತಿರುಗಿದರೂ
ಗಾಡಿ ಎಡಕ್ಕ ಹೊಂಟೈತಿ, ಅಡ್ಡಡ್ಡ,
ಕಣ್ಣು ನಂಬದು. ಮಣ್ಣು ಗ್ಯಾಲರಿತನಕ ಎದ್ದು
ಚುರಮರಿ ಪೊಟ್ಟಣದಾಗ, ಮಕ್ಕಳ ಕೂದಲದಾಗ, ನನ್ನ ಹಲ್ಲಿನಾಗ.
ಮಂದಿಯೆಲ್ಲ ಎದ್ದರು. ಮಾಮು ಕುಂತ ಇದ್ದ.
ಯಾರು ಮುಂದ, ಯಾರು ಹಿಂದ ಅಂತ ಅಂವ ನೋಡಲಿಲ್ಲ.
ನೋಡಿದ್ದು ಒಂದು ಕಾಲು.

ನಾಲ್ಕು ಸುತ್ತು. ಒಂದು ನಿಮಿಷ ಚಿಲ್ಲರೆ.
ವಾಲ್ಡಿಸ್ ಮೂರನೇದವನಾಗಿ ಬಂದ,
ಆಮ್ಯಾಲಿನ ಓಟದಾಗೂ ಮೂರನೇದವ.

ರಾತ್ರಿ ತಂಬುವಿನ್ಯಾಗ ಮಾಮು ಅವನ ಕಾಲಿನಿಂದ ನಾಲ ಬಿಚ್ಚಿ
ಹೆಬ್ಬಟ್ಟಿನಿಂದ ಸವರಿದ.
"ಹಿಮ್ಮಡಿ ಕಡೆ ಸವದೈತಿ.
ಎರಡನೇ ತಿರುವು ಬಂತಂದರ ಭಾರ ಹಿಂದಕ್ಕ ತಗೋತಾನ.
ಹಿಂದೊಮ್ಮೆ ಅಂಥಲ್ಲೇ ಬಿದ್ದಾನ."
ಹೊಲಿಗಿ ಸುದ್ದಿ ನಾನು ಮಾಮುಗ ಹೇಳಿದ್ದಿಲ್ಲ.

ಈ ಸಲ ಎಸ್ತರ್ ತಿರುವಿ ಹೇಳಿದಳು, ನಿಧಾನಕ್ಕ.
ವಾಲ್ಡಿಸ್ ಬಾಳೊತ್ತು ಆ ಕಬ್ಬಿಣ ನೋಡಿದ,
ಓದೂದು ಬರದವ ಕಾಗದ ಹಿಡಿದಂಗ.
ಕಡೀಕ ಏನೋ ಕೇಳಿದ.
ಏನಂತ? ಅಂದೆ.
ಎಷ್ಟು ಕೊಡಬೇಕು ಅಂತಾನೆ.

ಮಾಮುಗ ಫಜೀತಿ. ಎತ್ತಿಗೆ ಎಂಟು ನಾಲ, ಎಂಟಕ್ಕ ಆರುನೂರು.
ಬಿಡಿ ನಾಲ ಅಂವ ಯಾರಿಗೂ ಮಾರಿದವನಲ್ಲ.
ಬೆರಳು ಮಡಚಿದ, ಬಿಚ್ಚಿದ,
"ಎಪ್ಪತ್ತೈದು," ಅಂದ. ತಡದು,
"ಮೊಳಿ ಹೊಡದಿಲ್ಲಲ್ಲ. ಎಪ್ಪತ್ತು ಕೊಡು."