ಮುಚ್ಚಿದ ದಿನ ಯಾರದು

ಬೆಳಗಿನ ಜಾವ ಐದಕ್ಕೆ ಅಧ್ಯಕ್ಷರ ಫೋನು:
ಲೆಂಪಿ, ರಸ್ತೆ ಹೇಗಿದೆ?
ರಸ್ತೆ ಇದೆಯೇ ಎಂದು ಕೇಳಬೇಕಿತ್ತು ಅವರು.
ಕಿಟಕಿಯಾಚೆ ಅಂಚೆಪೆಟ್ಟಿಗೆಯ ಕೆಂಪು ಬಾವುಟವೊಂದೇ
ಹಿಮದ ಮೇಲೆ, ಮುಳುಗುವವನ ಬೆರಳಿನ ಹಾಗೆ.

ಕೈಪಿಡಿ, ನಾಲ್ಕನೆಯ ಅಧ್ಯಾಯ, ಹನ್ನೆರಡನೆಯ ಕಲಮು:
ಐದೂವರೆಯೊಳಗೆ ನಿರ್ಧಾರ, ಆರರೊಳಗೆ ಸಂದೇಶ.
ನೈಟಿಯ ಮೇಲೆ ಗಂಡನ ಹಳೆ ಕೋಟು ಹೊದ್ದು
ಅಡುಗೆಮನೆಯಲ್ಲಿ ನಿಂತು ಹೇಳುತ್ತೇನೆ
ಹತ್ತೊಂಬತ್ತು ಚಳಿಗಾಲ ಹೇಳಿದ್ದನ್ನೇ:
ಪೈಕ್ ರಿವರ್ ಕಮ್ಯುನಿಟಿ ಕಾಲೇಜು
ಇಂದು ಮುಚ್ಚಿದೆ. ಹಗಲಿನ ತರಗತಿ ಇಲ್ಲ, ಸಂಜೆಯದೂ ಇಲ್ಲ.
ಅಗತ್ಯ ಸಿಬ್ಬಂದಿ ಮಾತ್ರ ಬರತಕ್ಕದ್ದು.

ಅಗತ್ಯ ಸಿಬ್ಬಂದಿ ಎಂದರೆ ಬಾಯ್ಲರ್ ಕಾಯುವ ಡೆಲ್ಬರ್ಟ್,
ಹಿಮ ತಳ್ಳುವ ಇಬ್ಬರು.
ನಾನಲ್ಲ. ಬರಬಾರದೆಂದು
ನಾನು ಹೇಳದೆ ಯಾರಿಗೂ ತಿಳಿಯದು; ಆದರೂ ನಾನಲ್ಲ.
ವೆಲ್ಡಿಂಗ್ ಕಲಿಸುವ ಹಾತಾಯ ಅಂತೂ ಅಲ್ಲವೇ ಅಲ್ಲ.

ಫೆಬ್ರವರಿ ಹನ್ನೊಂದು. ಆತ ಬಂದಿದ್ದ.
ಕಾರು ಹೂತುಹೋಗಿತ್ತೆಂದು
ಬಲೆಯಂಥ ಹಿಮದ ಚಪ್ಪಲಿ ಕಟ್ಟಿಕೊಂಡು ಮೂರು ಮೈಲಿ.
ಯಾಕೆ ಎಂದರೆ, ಮನೆಯಲ್ಲಿ ಲೇತ್ ಇಲ್ಲ ಎಂದನಂತೆ.
ಡೆಲ್ಬರ್ಟ್ ಬಾಗಿಲು ತೆಗೆದ, ಕಾಫಿ ಕೊಟ್ಟ.
ಕತ್ತಲಾಗುವವರೆಗೂ ವರ್ಕ್‌ಶಾಪಿನ ಗಾಜಿನಲ್ಲಿ
ನೀಲಿ ಮಿಂಚು ಹೊಳೆದು ಹೊಳೆದು ಆರಿತು.

ಮಾಡಿದ್ದು ಒಂದು ತಿರುಗಣಿ. ಅಂಗೈಯಗಲ.
ಹಿಮ ತಳ್ಳುವ ಅಲಗಿನ ಬೆನ್ನಿಗೆ ಕೂರಿಸಿದರೆ
ರಸ್ತೆಯ ಮುಚ್ಚಳ ಎಡವಿದಾಗ ಅಲಗು ಮುರಿಯದೆ
ತಲೆಬಾಗಿ, ದಾಟಿ, ಮತ್ತೆ ಎದ್ದು ನಿಲ್ಲುತ್ತದೆ.
ಕಾಲೇಜಿನಲ್ಲಿ ನಾವೆಲ್ಲ ಕಲಿತದ್ದನ್ನೇ
ಕಬ್ಬಿಣಕ್ಕೂ ಕಲಿಸಿದ್ದ.

ಡುಲೂತ್‌ನ ಕಂಪನಿಯೊಂದು ಬೆಲೆ ಕೇಳಿದ ಮೇಲೆ
ಎಲ್ಲರಿಗೂ ಆರನೆಯ ಅಧ್ಯಾಯ ನೆನಪಾಯಿತು:
ಕಾಲೇಜಿನ ಸಮಯದಲ್ಲಿ, ಕಾಲೇಜಿನ ಉಪಕರಣದಲ್ಲಿ
ಹುಟ್ಟಿದ ಯಾವುದೇ ಕೃತಿ ಕಾಲೇಜಿನದು.
ನಡುವೆ 'ಮತ್ತು' ಇರಬೇಕಿತ್ತೋ, 'ಅಥವಾ' ಇರಬೇಕಿತ್ತೋ,
ಒಂದು ಅಲ್ಪವಿರಾಮ ಹಾಕಿ ಕೈತೊಳೆದುಕೊಂಡಿದ್ದರು
ಕೈಪಿಡಿ ಬರೆದ ಪುಣ್ಯಾತ್ಮರು.

ಸಮಿತಿ ಕೂತಿತು. ಐದು ಕುರ್ಚಿ, ಒಂದು ಡಬ್ಬಿ ಡೋನಟ್.
ಲೇತು ನಮ್ಮದು, ಕರೆಂಟು ನಮ್ಮದು, ಎಂದರು ಖಜಾಂಚಿ ಬ್ರೂಕ್‌ಮನ್.
ದಿನ? ಎಂದ ಹಾತಾಯ.
ಮುಚ್ಚಿದ ದಿನ ಯಾರದು? ಬರಬೇಡ ಎಂದಿರಿ ನೀವು.
ಆವತ್ತಿಗೂ ಸಂಬಳ ಕೊಟ್ಟಿದ್ದೇವಲ್ಲ.
ಮನೆಯಲ್ಲಿರಲು ಕೊಟ್ಟಿರಿ.
ಯಾರೋ ಬೆರಳಿಗಂಟಿದ ಸಕ್ಕರೆ ನೆಕ್ಕಿದರು.

ಆಮೇಲೆ ನನ್ನನ್ನು ಕರೆದರು.
ಸಂದೇಶ ದಾಖಲಾದದ್ದು ಎಷ್ಟು ಹೊತ್ತಿಗೆ?
ಐದೂ ನಲವತ್ತಕ್ಕೆ, ಎಂದೆ. ಬಾಯಿಮಾತು ಸಾಲದಾಯಿತು.
ಯಂತ್ರ ಒತ್ತಿದರು. ಮೇಜಿನ ನಡುವೆ ನನ್ನ ದನಿ ಎದ್ದಿತು,
ನಿದ್ದೆ ಇನ್ನೂ ಮೆತ್ತಿಕೊಂಡದ್ದು, ಹಿಂದೆ ಕೆಟಲು ಕೂಗುವುದು.
ಇಂದು ಮುಚ್ಚಿದೆ.
ಎಲ್ಲ ಮುಗಿದು, ಫೋನು ಇಡುವ ಮುನ್ನ,
ಗೊತ್ತೇ ಇರಲಿಲ್ಲ ನನಗೆ, ಅಂದಿದ್ದೆ:
ಹುಷಾರು ಮಕ್ಕಳೇ, ಬೆಚ್ಚಗಿರಿ.

ಇದು ಯಾರದು, ಎಂದು ಕೇಳಬೇಕೆನಿಸಿತು.
ಫೋನು ನನ್ನದು, ಕೆಟಲು ನನ್ನದು,
ಹೊತ್ತು ಇನ್ನೂ ಯಾರದೂ ಆಗಿರಲಿಲ್ಲ,
ಮಾತೆಲ್ಲ ಕೈಪಿಡಿಯದು, ಕೊನೆಯ ಮೂರು ಪದ ಬಿಟ್ಟು.
ಕೇಳಲಿಲ್ಲ. ನಿವೃತ್ತಿಗೆ ಇನ್ನೆರಡು ಚಳಿಗಾಲ.

ಹಾವು ಸಾಯಲಿಲ್ಲ, ಕೋಲು ಮುರಿಯಲಿಲ್ಲ:
ಅರ್ಧ ಅವನಿಗೆ, ಅರ್ಧ ಕಾಲೇಜಿಗೆ,
ಕೈಪಿಡಿಗೆ ಒಂದು ಹೊಸ ಕಲಮು:
ಮುಚ್ಚಿದ ದಿನ ವರ್ಕ್‌ಶಾಪಿನ ಬೀಗದ ಕೈಯನ್ನು
ಬಾಯ್ಲರ್ ಕಾಯುವವನು ಯಾರಿಗೂ ಕೊಡತಕ್ಕದ್ದಲ್ಲ.

ಇವತ್ತು ಮತ್ತೆ ಹದಿನಾಲ್ಕು ಇಂಚು.
ಐದೂ ಮೂವತ್ತೈದು. ಕೋಟಿನ ಜೇಬಿನಲ್ಲಿ ಕೈ.
ಅಲಗೊಂದು ರಸ್ತೆ ಕೆರೆಯುತ್ತ ಬರುತ್ತಿದೆ.
ನಮ್ಮ ಮನೆಯೆದುರಿನ ಮುಚ್ಚಳಕ್ಕೆ ಬಡಿದು
ಹಿಂದೆಲ್ಲ ಠಣ್ ಎಂದು ನಿಂತು, ಒಬ್ಬ ಇಳಿದು, ಬೈದು…
ಈಗ ಸಣ್ಣದೊಂದು ಟಕ್.
ದಾಟಿಹೋಯಿತು.
ಒಲೆಯ ಮೇಲಿಂದ ಕೆಟಲು ಇಳಿಸಿ
ಫೋನು ಕೈಗೆತ್ತಿಕೊಂಡೆ.