ಆವಿಯಾದ ಲೆಕ್ಕ

ಬೆಟಗೇರಿಯ ಈ ಓಣಿಯಲ್ಲಿ ಒಂದು ಮಗ್ಗದ ಸದ್ದು ನಿಂತು
ಇಂದಿಗೆ ಹತ್ತೊಂಬತ್ತು ದಿನ.
ನಿಲ್ಲಿಸಿದವರು ನಾವೇ.

ಶಾಕವ್ವನದು ಕುಣಿಮಗ್ಗ.
ಮೊಣಕಾಲುಮಟ ನೆಲದೊಳಗೆ ಇಳಿಬಿಟ್ಟು ಕೂತು
ಮೂವತ್ತು ವರ್ಷ ಸೀರೆ ನೇಯ್ದಾಕೆ.
"ಮಧ್ಯಾಹ್ನ ಆತಂದ್ರ ತಲಿ ಸಿಡೀತಿತ್ತವಾ.
ಎರಡು ಸಲ ಚಾಳೀಸು ಬದಲ್ ಮಾಡಿಸಿದೆ,
ಆಮ್ಯಾಲ ದೃಷ್ಟಿ ಅಂತ ಲಿಂಬಿಹಣ್ಣು ಕಟ್ಟಿದೆ."

ದೃಷ್ಟಿಯಲ್ಲ ಶಾಕವ್ವ,
ಗಾಳಿಗಿಂತ ಭಾರವಾದದ್ದೊಂದು
ನಿನ್ನ ಕುಣಿಯಲ್ಲಿ ನಿನಗಿಂತ ಮೊದಲೇ ಕೂತಿರುತ್ತಿತ್ತು.

ಮಾರ್ಚಿನ ಎರೆಮಣ್ಣು, ಅಂಗೈ ತೂರುವಷ್ಟು ಬಿರುಕು.
ನಾವು ನಕ್ಷೆಯಲ್ಲಿ ಗೆರೆ ನೇರ ಎಳೆಯುತ್ತೇವೆ;
ಬಿರುಕು ಎಲ್ಲಿ ಓದುತ್ತದೆ ನಕ್ಷೆ?
ಐದಡಿ ಡ್ರಿಲ್ ಇಳಿಸಿದೆ. ಉಕ್ಕಿನ ಕೊಳವೆ, ತುದಿಗೆ ಜಾಲರಿ,
ಸುತ್ತ ಮರಳು, ಮೇಲೆ ಹೋಳಿಗೆ ಕಣಕದ ಹದಕ್ಕೆ ಕಲಸಿದ ಜೇಡಿ.
ಇಲ್ಲದಿದ್ದರೆ ಮೇಲಿನ ಗಾಳಿ ನುಸುಳಿ
ಸುಳ್ಳು ಸಾಕ್ಷಿ ಹೇಳುತ್ತದೆ.
ಮೊದಲು ಬರುವುದು ಕೊಳವೆಯದೇ ಉಸಿರು, ಚೆಲ್ಲಬೇಕು.
ಆಮೇಲಿನದು ನೆಲದ್ದು.
ನಿಧಾನ ಎಳೆಯಬೇಕು. ಅವಸರಪಟ್ಟರೆ ನೆಲ ಬಾಯಿ ಮುಚ್ಚುತ್ತದೆ.

"ಬೋರ್ ಹೊಡಿಯಾಕತ್ತೀರೇನ್ರಿ? ನೀರು ಬಿತ್ತೇನು?"
"ಏ, ಬರೇ ಗಾಳಿ ತುಂಬ್ಕೊಂಡು ಹೊಂಟಾರೋ!"
ಹೌದಪ್ಪ, ಅದಕ್ಕೇ ನನ್ನ ಸಂಬಳ.

ಬಂಕ್ ಮುಚ್ಚಿ ಹನ್ನೊಂದು ವರ್ಷ. ಈಗಲ್ಲಿ ಟೈಲ್ಸ್ ಅಂಗಡಿ.
ಟಾಕಿ ಕಿತ್ತು ತೆಗೆದೆವು ಅಂತ ಕಾಗದವಿದೆ, ಮುದ್ರೆ ಸಮೇತ.
ಶಾಕವ್ವನ ಹೊಸ್ತಿಲಿಂದ ಆ ಕಾಗದದವರೆಗೆ
ಏಳು ತೂತು ಕೊರೆಯಬೇಕು.
ಮೀಟರಿನಲ್ಲಿ ನಲವತ್ತು, ನೂರಾ ಹತ್ತು, ಮುನ್ನೂರು,
ನಾಲ್ಕನೆಯದರಲ್ಲಿ ಏನೂ ಇಲ್ಲ, ಯಾಕೋ ತಿಳಿಯದು,
ಐದನೆಯದರಲ್ಲಿ ಒಂಬೈನೂರು.

ಆ ಹೊತ್ತಿಗೆ ದಾವಲಸಾಬ್ ಬಂದರು,
ಬಂಕಿನಲ್ಲಿ ಬೆಳಿಗ್ಗೆ ಐದಕ್ಕೆ ಟಾಕಿಗೆ
ಅಳತೆಗೋಲು ಇಳಿಸುತ್ತಿದ್ದವರು.
ಕೊಳವೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಬೀಡಿ ತೆಗೆದರು,
ನನ್ನ ಮುಖ ನೋಡಿ ಕಿವಿಗೆ ಸಿಕ್ಕಿಸಿಕೊಂಡರು.

"ದಿನಾ ಎಂಟು ಲೀಟರ್ ಕಮ್ಮಿ ಬರ್ತಿತ್ರೀ ಅಕ್ಕಾರ.
ಮಾಲಕರಿಗೆ ಹೇಳಿದೆ. ಬಿಸಲು ಭಾಳ ಐತಿ, ಆವಿ ಅಂತ ಬರಕೋ ಅಂದ್ರು.
ಬರಕೊಂಡೆ. ಎಂಟು ಲೀಟರ್, ಆವಿ.
ಮಳಿಗಾಲದಾಗೂ ಎಂಟು ಲೀಟರ್, ಆವಿ.
ಆರು ವರ್ಷ. ಎಲ್ಲಾ ನಂದ ಕೈಬರಹ."

ಡಬ್ಬಿಯ ಕೊರಳಿಗೆ ಚೀಟಿ ಕಟ್ಟಬೇಕು:
ಜಾಗ, ಆಳ, ಹೊತ್ತು, ಮಾದರಿಯ ಬಗೆ.
ನನ್ನ ಪೆನ್ನು ಒಣಗಿತ್ತು, ತಮ್ಮ ಜೇಬಿನದು ಕೊಟ್ಟರು.
ಬಗೆ ಎಂಬಲ್ಲಿ ಬರೆದೆ: ಆವಿ.
ಅವರು ಓದಿದರು. ತುಸು ಹೊತ್ತು ಬಿಟ್ಟು,
"ಲೀಟರ್ ಎಷ್ಟಂತ ಬರೀಲಿಲ್ಲ?" ಅಂದರು.